ಅಮ್ಮಾಜಮ್ಮನ ಪಾಯಸದ ಮೇಲೆ ಬಂದ ದೂರು

ಮೊದಲು ಕುಸಿದವಳು ಅರ್ಚನ.

ಏಳು ತಿಂಗಳ ಬಸುರಿ. ಊಟದ ಎಲೆಯ ಮುಂದಿನಿಂದ ತಟ್ಟನೆ ಎದ್ದಳು. ಬಾಯಿಗೆ ಸೆರಗು ಒತ್ತಿಕೊಂಡು ಕೈ ತೊಳೆಯುವ ನಲ್ಲಿಯತ್ತ ಓಡಿದಳು — ಅಲ್ಲಿಯವರೆಗೂ ಹೋಗಲಾಗಲಿಲ್ಲ. ಹಿಡಿದುಕೊಳ್ಳಲು ಬಂದ ಗಂಡನೂ ಅವಳ ಪಕ್ಕದಲ್ಲೇ ಬಾಗಿ ವಾಂತಿ ಮಾಡಿದ. ಆಮೇಲೆ ಅವರ ಸಾಲು. ಆಮೇಲೆ ಎದುರಿನ ಸಾಲು. ಎರಡನೇ ಸಲ ಪಾಯಸ ಬಡಿಸುತ್ತಾ ಬಂದ ಹೆಂಗಸು ಬಕೆಟ್ ಹಿಡಿದು ನಿಂತಲ್ಲೇ ನಿಂತಳು. ಮಕ್ಕಳು ಹೊಟ್ಟೆ ಹಿಡಿದುಕೊಂಡು ಕಿರುಚುತ್ತಿದ್ದರೆ ಮೈಕಿನಲ್ಲಿ ಹಾಡು ಮಾತ್ರ ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

ನಾನು ಹೆಡ್ ಕಾನ್‌ಸ್ಟೆಬಲ್ ಕಾಂತರಾಜ್. ಹುಟ್ಟಿದ್ದೂ ಬೆಳೆದದ್ದೂ ಕೆಜಿಎಫ್‌ನಲ್ಲೇ. ಆ ಭಾನುವಾರ ಸಬ್ ಇನ್ಸ್‌ಪೆಕ್ಟರ್ ಧನುಶ್ರೀ ಮೇಡಂ ಜೊತೆ ಫ್ಯಾಕ್ಟರಿ ಕಾಲೋನಿಯ ಸಮುದಾಯ ಭವನ ತಲುಪಿದಾಗ ಆಂಬುಲೆನ್ಸುಗಳು ಹೊರಟುಹೋಗಿದ್ದವು. ಒಳಗೆ ಅರ್ಧ ತಿಂದ ಎಲೆಗಳು, ಉರುಳಿದ ಲೋಟಗಳು, ಏಪ್ರಿಲ್ ಬಿಸಿಲಿಗೆ ಎದ್ದ ಹುಳಿ ವಾಸನೆ. ಕಾಲೋನಿ ಸಂಘದ ವಾರ್ಷಿಕೋತ್ಸವಕ್ಕೆ ಕಟ್ಟಿದ್ದ ಮಾವಿನ ತೋರಣ ಇನ್ನೂ ಬಾಡಿರಲಿಲ್ಲ.

ಬಾಗಿಲ ಬಳಿ ಅತಿಥಿಗಳನ್ನು ಎದುರುಗೊಳ್ಳುವ ಮೇಜಿತ್ತು. ಪನ್ನೀರುದಾನಿ, ಕುಂಕುಮ, ಕಲ್ಲುಸಕ್ಕರೆ. ಮೇಜಿನ ಬಟ್ಟೆಯ ಮೇಲೆ ಅಗಲವಾದ ದುಂಡು ಒದ್ದೆ ಗುರುತು. ಅದರ ಸುತ್ತ ಇರುವೆ ಮುತ್ತಿತ್ತು. ಮೇಡಂ ಒಂದು ಕ್ಷಣ ನಿಂತು ನೋಡಿದರು. ಕಲ್ಲುಸಕ್ಕರೆಗೆ ಬಂದ ಇರುವೆ ಎಂದುಕೊಂಡು ನಾನು ಮುಂದೆ ನಡೆದೆ.

ಸಂಘದ ಅಧ್ಯಕ್ಷ ವೇಣುಗೋಪಾಲ್ ಎದುರಿಗೆ ಬಂದರು. ಫ್ಯಾಕ್ಟರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಇಸ್ತ್ರಿ ಮುರಿಯದ ಬಿಳಿ ಶರ್ಟು.

“ನೋಡಿ ಮೇಡಂ, ನೋಡಿ! ಇದು ಆಕಸ್ಮಿಕ ಅಲ್ಲ. ವಿಷ. ಬೇಕಂತಲೇ ಹಾಕಿರೋದು.”

“ಯಾರು?”

“ಇನ್ಯಾರು? ಅಡುಗೆ ಮಾಡಿದವಳು. ಗಣಿ ಕೂಲಿಗಳ ಲೈನ್ ಮನೆ ಅಮ್ಮಾಜಮ್ಮ. ಅವಳಿಗೆ ಕೊಡಬೇಡಿ ಅಂತ ಬಡ್ಕೊಂಡೆ. ಹುಡುಗರು ಕೇಳಲಿಲ್ಲ — ಅವಳ ಊಟ ಚೆನ್ನಾಗಿರುತ್ತೆ, ಅವಳ ಊಟ ಚೆನ್ನಾಗಿರುತ್ತೆ!”

“ಆಕೆಗೆ ನಿಮ್ಮ ಮೇಲೆ ಏನು ಸಿಟ್ಟು?”

“ಪಾತ್ರೆಗಳನ್ನ ಹಿಂಬಾಗಿಲಿಂದ ತನ್ನಿ ಅಂದೆ. ಅಷ್ಟಕ್ಕೇ ಎಲ್ಲರ ಮುಂದೆ ನನ್ನ ಮೇಲೆ ಕೂಗಾಡಿದಳು.”

“ಹಿಂಬಾಗಿಲು ಯಾಕೆ?”

ವೇಣುಗೋಪಾಲ್ ಆ ಪ್ರಶ್ನೆ ಕೇಳಿಸದವರಂತೆ ಮುಂದುವರಿಸಿದರು. “ಅವಳ ಕಡೆಯವರು ಅದೇ ಊಟ ಅಡುಗೆಮನೆಯಲ್ಲಿ ಕೂತು ಮೊದಲೇ ಉಂಡಿದ್ದರಂತೆ. ಒಬ್ಬರಿಗಾದರೂ ಏನಾದರೂ ಆಗಿದೆಯಾ? ಇಲ್ಲ! ಅಂದರೆ ಬಡಿಸುವಾಗ ಬೆರೆಸಿದ್ದಾರೆ. ಇದಕ್ಕಿಂತ ಸಾಕ್ಷಿ ಬೇಕಾ ನಿಮಗೆ?”

ಮೇಡಂ ಉಳಿದ ಅಡುಗೆಯನ್ನೆಲ್ಲಾ ಪರೀಕ್ಷೆಗೆ ತೆಗೆಸಿದರು. ಅಷ್ಟರಲ್ಲಿ ನನ್ನ ಫೋನ್ ಬಡಿಯಿತು. ಮಾರಿಕುಪ್ಪಂ ರೈಲ್ವೆ ಸ್ಟೇಷನ್ ಹತ್ತಿರ ಗಲಾಟೆ. ಅಮ್ಮಾಜಮ್ಮನ ಮೆಸ್ಸಿಗೆ ಜನ ನುಗ್ಗಿದ್ದಾರೆ.

*

ನಾವು ಹೋಗುವ ಹೊತ್ತಿಗೆ ಎಲ್ಲಾ ಮುಗಿದಿತ್ತು.

ಬೆಂಗಳೂರಿನ ರೈಲಿಗೆ ಓಡುವವರು ಬೆಳಗಿನ ಜಾವ ಇಡ್ಲಿ ಕಟ್ಟಿಸಿಕೊಳ್ಳುವ ಮೆಸ್ ಅದು. ನನ್ನಪ್ಪ ಗಣಿಯಲ್ಲಿದ್ದ ಕಾಲದಿಂದ ಅಮ್ಮಾಜಮ್ಮನನ್ನು ಬಲ್ಲೆ. ಗಣಿ ಮುಚ್ಚಿ ಗಂಡ ಮನೆಯಲ್ಲಿ ಕೂತಾಗ ಅಮ್ಮಾಜಮ್ಮ ಒಂದು ಒಲೆ ಹಚ್ಚಿ ಶುರು ಮಾಡಿದ್ದು. ಗಂಡ ಹೋದ ಮೇಲೂ ಆ ಒಲೆ ಆರಿರಲಿಲ್ಲ. ಈಗ ಡಬರಿಗಳು ನಜ್ಜುಗುಜ್ಜಾಗಿ ಚರಂಡಿಯಲ್ಲಿ ಬಿದ್ದಿದ್ದವು. ಗ್ರೈಂಡರಿನ ಕಲ್ಲು ಒಂದು ಕಡೆ, ಮೋಟಾರು ಒಂದು ಕಡೆ. ರುಬ್ಬಿಟ್ಟಿದ್ದ ಹಿಟ್ಟು ರಸ್ತೆಗೆ ಹರಿದು ಬಿಸಿಲಿಗೆ ಹಕ್ಕಳೆ ಕಟ್ಟುತ್ತಿತ್ತು.

ಅಮ್ಮಾಜಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಕೆಂಡದಂತೆ ಕೂತಿದ್ದಳು.

“ತಂಬಿ, ನೀನೇ ಏಳು. ನಾನ್ ಯಾಕಪ್ಪ ಇಸ ಆಕ್ಲಿ? ಆ ಮಕ್ಳು ನನ್ ಕಣ್ಣೆದುರಿಗೇ ಉಟ್ಟಿ ಬೆಳ್ದಿರೋವು.”

“ಯಾರಮ್ಮ ಇದೆಲ್ಲಾ ಮಾಡಿದ್ದು?” ಮೇಡಂ ಕೇಳಿದರು.

“ಯಾರು ಅಂತ ಏಳ್ಲಿ? ಎಲ್ಲಾ ಗೊತ್ತಿರೋ ಮೊಕಗಳೇ. ವಾರ ವಾರ ಬಂದು ಬಿರಿಯಾನಿ ತಿಂದು ಓಗೋರು.”

ಗುಂಪಿನಿಂದ ಕಾಲೋನಿಯ ಯುವಕನೊಬ್ಬ ಕೈ ಎತ್ತಿಕೊಂಡು ಮುಂದೆ ಬಂದ. “ಸಿಕ್ತು ಮೇಡಂ! ಅಡುಗೆಮನೆ ಅಟ್ಟದ ಮೇಲಿತ್ತು!” ಅವನ ಕೈಯಲ್ಲಿ ಒಡೆದ ಇಲಿ ಪಾಷಾಣದ ಪೊಟ್ಟಣ.

“ಇಲಿ ಇರೋ ಕಡೆ ಇಲಿ ಪಾಷಾಣ ಇರುತ್ತೆ. ನಿಮ್ಮನೇಲಿ ಇಲ್ವಾ?”

ಮೇಡಂ ಪೊಟ್ಟಣವನ್ನು ಅವನ ಕೈಯಿಂದ ತೆಗೆದುಕೊಂಡು ಅಮ್ಮಾಜಮ್ಮನ ಕಡೆ ತಿರುಗಿದರು.

“ಅಮ್ಮಾಜಮ್ಮ, ಬೆಳಿಗ್ಗೆ ಜಗಳ ಆಯ್ತಂತೆ?”

“ಆಯ್ತು. ಸುಳ್ಳ್ಯಾಕೆ ಏಳ್ಲಿ? ನಾನ್ ಬೇಯಿಸಿದ್ ಅನ್ನ ಮುಂಬಾಗಿಲಲ್ಲಿ ಓದ್ರೆ ಮೈಲಿಗೆ, ಅವ್ರ ಒಟ್ಟೇಲಿ ಓದ್ರೆ ಮಡೀನಾ ಅಂತ ಕೇಳ್ದೆ. ಕೇಳ್ಬಾರ್ದಾ?”

ಮೇಡಂ ಪೊಟ್ಟಣವನ್ನು ಕವರಿಗೆ ಹಾಕಿ ಮುಚ್ಚಿದರು.

*

ಆಸ್ಪತ್ರೆಯ ಉದ್ದಕ್ಕೂ ಕಾಲೋನಿಯವರೇ. ಡಾಕ್ಟರು ನಮ್ಮನ್ನು ಪಕ್ಕಕ್ಕೆ ಕರೆದರು.

“ಕೆಟ್ಟ ಊಟ ಆಗಿದ್ದರೆ ಸಾಮಾನ್ಯವಾಗಿ ಇಷ್ಟು ಬೇಗ ಆಗಲ್ಲ, ಮೇಡಂ. ಇದು ಹೊಟ್ಟೆಗೆ ಬಿದ್ದ ಕೂಡಲೇ ಹಿಂಡಿದೆ. ಯಾವುದೋ ರಾಸಾಯನಿಕ. ಮಿಕ್ಕವರು ಚೇತರಿಸಿಕೊಳ್ತಿದ್ದಾರೆ. ಅರ್ಚನ ವಿಷಯ ಹಾಗಲ್ಲ. ಹೊಟ್ಟೇಲಿ ಮಗು ಇದೆ. ಏನು ಒಳಗೆ ಹೋಗಿದೆ ಅಂತ ಗೊತ್ತಿಲ್ಲದೆ ನಾನು ಕಣ್ಣು ಕಟ್ಟಿಕೊಂಡು ಔಷಧಿ ಕೊಡಬೇಕಾ?”

ವೇಣುಗೋಪಾಲ್ ಪಕ್ಕದಲ್ಲೇ ನಿಂತಿದ್ದರು. ಡಾಕ್ಟರು ಅವರ ಕಡೆ ತಿರುಗಿದರು.

“ನೀವು ಅಧ್ಯಕ್ಷರಲ್ವಾ? ಏನೇನು ಕೊಟ್ಟಿದ್ರಿ ಹೇಳಿ.”

“ಪಲಾವ್, ಮೊಸರು ಬಜ್ಜಿ, ಅನ್ನ, ಬೇಳೆ ಸಾರು, ಹಪ್ಪಳ, ಪಾಯಸ.”

“ಇಷ್ಟೇನಾ?”

“ಇಷ್ಟೇ.”

ವಾರ್ಡಿನಲ್ಲಿ ಯಾರನ್ನು ಕೇಳಿದರೂ ಅದೇ ಉತ್ತರ. ಏನು ತಿಂದಿರಿ? ಪಲಾವ್, ಬಜ್ಜಿ, ಅನ್ನ, ಸಾರು, ಹಪ್ಪಳ, ಪಾಯಸ. ಅರ್ಚನಳನ್ನು ಮಾತಾಡಿಸುವ ಸ್ಥಿತಿ ಇರಲಿಲ್ಲ. ಅವಳ ಗಂಡ ಬಕೆಟ್ಟಿನ ಮೇಲೆ ಬಾಗಿಕೊಂಡೇ ಇದ್ದ.

ಹೊರಗೆ ಬೆಂಚಿನ ಮೇಲೆ ಅಶ್ವತ್ಥಪ್ಪ ಕೂತಿದ್ದರು. ಕಾಮಸಮುದ್ರದ ಕಡೆಯವರು, ಮಗನಿಗೆ ಫ್ಯಾಕ್ಟರಿಯಲ್ಲಿ ಕೆಲಸವಾದ ಮೇಲೆ ಅವನ ಜೊತೆ ಕಾಲೋನಿಯಲ್ಲೇ ಇದ್ದಾರೆ. ಅರ್ಚನಳ ಪಕ್ಕದ ಎಲೆಯಲ್ಲಿ ಕೂತು ಉಂಡವರು. ಗಟ್ಟಿಮುಟ್ಟಾಗಿದ್ದರು.

“ನಿಮಗೇನೂ ಆಗಲಿಲ್ವಾ ಯಜಮಾನ್ರೇ?”

“ಏನೂ ಆಗ್ಲಿಲ್ಲ ಕಣಮ್ಮ. ಪಲಾವ್ ಎರಡ್ ಸಲ ಆಕುಸ್ಕೊಂಡೆ. ಬಜ್ಜಿ, ಅನ್ನ, ಸಾರು, ಎಲ್ಲಾ ತಿಂದೆ.”

“ಪಾಯಸ?”

“ಸಕ್ಕರೆ ಕಾಯ್ಲೆಯೋನು ನಾನು. ಸಿಹಿ ಮುಟ್ಟಲ್ಲ.”

ಎಲ್ಲಾ ತಿಂದವನಿಗೆ ಏನೂ ಆಗಿಲ್ಲ. ತಿನ್ನದೇ ಬಿಟ್ಟಿದ್ದು ಪಾಯಸ ಒಂದೇ. ಪಾಯಸ ಮಾಡಿದ್ದು ಅಮ್ಮಾಜಮ್ಮ.

ನಮ್ಮ ಹಿಂದೆಯೇ ಬಂದಿದ್ದ ವೇಣುಗೋಪಾಲ್ ಕೈ ಚೆಲ್ಲಿದರು. “ಕೇಳಿದ್ರಲ್ಲ ಮೇಡಂ! ಇನ್ನೂ ಏನು ಯೋಚನೆ? ಅವಳನ್ನ ಒಳಗೆ ಹಾಕಿ!”

ಸಂಜೆ ಠಾಣೆಯ ಮುಂದೆ ಅದೇ ಕೂಗು. ಒಳಗೆ ಹಾಕಿ, ಒಳಗೆ ಹಾಕಿ. ಲಿಖಿತ ದೂರೂ ಬಂತು, ಕೆಳಗೆ ವೇಣುಗೋಪಾಲ್ ಸಹಿ. ಧನುಶ್ರೀ ಮೇಡಂ ಮೆಟ್ಟಿಲ ಮೇಲೆ ನಿಂತು ಒಂದೇ ಮಾತು ಹೇಳಿದರು: “ಯಾರನ್ನ ಒಳಗೆ ಹಾಕಬೇಕು ಅಂತ ನೀವು ಹೇಳಬೇಡಿ. ಮೆಸ್ ಒಡೆದವರ ಪೈಕಿ ಎಷ್ಟು ಜನ ಇಲ್ಲಿದ್ದೀರ ಅಂತ ನಾನು ಕೇಳ್ಲಾ?”

ಗುಂಪು ಕರಗಿತು. ಆದರೆ ನನ್ನ ಸಂಕಟ ಕರಗಲಿಲ್ಲ.

“ಪಾಯಸ ಅಂತ ಖಾತ್ರಿ ಆಯ್ತಲ್ಲ ಮೇಡಂ?” ಎಂದೆ.

“ಒಬ್ಬ ಮನುಷ್ಯ ಪಾಯಸ ತಿನ್ನಲಿಲ್ಲ, ಚೆನ್ನಾಗಿದ್ದಾನೆ. ಸರಿ. ಪಾಯಸ ತಿಂದೂ ಚೆನ್ನಾಗಿರೋನು ಒಬ್ಬ ಸಿಕ್ಕರೆ?”

“ಅಮ್ಮಾಜಮ್ಮನ ಕಡೆಯವರು ಬಿಟ್ಟು ಇನ್ಯಾರಿದ್ದಾರೆ?”

“ಮೈಕಿನಲ್ಲಿ ಹಾಡು ಹಾಕಿದವನು ಎಲ್ಲಿ?”

*

ಹಾಡು ಹಾಕಿದವನು ಪೆರುಮಾಳ್. ಬಂಗಾರಪೇಟೆಯಲ್ಲಿ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವನು. ಮರುದಿನ ನಾವು ಅವನ ಅಂಗಡಿಗೆ ಹೋದಾಗ ಸ್ಪೀಕರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ನಮ್ಮ ಖಾಕಿ ನೋಡಿ ಎದ್ದು ನಿಂತ.

“ನಿನ್ನೆ ಕಾಲೋನಿಯಲ್ಲಿ ಊಟ ಮಾಡಿದ್ಯಾ?”

“ಮಾಡ್ದೆ ಮೇಡಮ್ಮಾ. ಅಮ್ಮಾಜಮ್ಮನ ಊಟ ಬಿಡಕಾಯ್ತದಾ?”

“ಪಾಯಸ?”

“ಮೂರ್ ಸಲ ಆಕುಸ್ಕೊಂಡೆ. ಶಾವಿಗೆ ಪಾಯಸ, ಮೇಲೆ ಗೋಡಂಬಿ. ಯಾಕ್ ಮೇಡಮ್ಮಾ?”

“ವಾಂತಿ? ಹೊಟ್ಟೆನೋವು?”

“ಐಯೋ, ಏನೂ ಇಲ್ಲ. ರಾತ್ರಿ ಮನೇಲಿ ಮೀನ್ ಕೊಳಂಬು ಬೇರೆ ತಿಂದೆ.”

ನಾನು ಮೇಡಂ ಮುಖ ನೋಡಿದೆ. ಒಂದೇ ಏಟಿಗೆ ಪಾಯಸ ಬಿಡುಗಡೆಯಾಗಿತ್ತು.

“ಎಲ್ಲಿ ಕೂತು ಉಂಡೆ?”

“ವೇದಿಕೆ ಇಂದೆ, ಆಂಪ್ಲಿಫೈಯರ್ ಪಕ್ಕ. ಅಮ್ಮಾಜಮ್ಮನ ಕಡೆ ಉಡ್ಗೀರು ಅಲ್ಲೀಗೇ ತಂದ್ ಕೊಟ್ರು.”

“ಮುಂಬಾಗಿಲಿಂದ ಒಳಗೆ ಹೋಗಲಿಲ್ವಾ?”

“ನಮ್ಮನ್ಯಾಕೆ ಅಲ್ಲಿ ಕರೀತಾರೆ? ಇಂದ್ಗಡೆಯಿಂದ ಓದೆ, ಇಂದ್ಗಡೆಯಿಂದ ಬಂದೆ.” ನಂತರ ದನಿ ತಗ್ಗಿಸಿದ. “ಒಂದ್ ಮಾತು. ಊಟಕ್ಕೆ ಮುಂಚೆ ಸುಬ್ರಮಣಿ ಸ್ಕೂಟ್ರಲ್ಲಿ ಬಂದಿದ್ದ. ಚೀಲ ಒಂದು ಕೊಟ್ಟು ಬಿರ್ರನೆ ಓದ. ಕಾಲೋನಿ ಊಟ ಮೊದ್ಲು ಅವನ್ದೇ ಅಲ್ವಾ? ಅಮ್ಮಾಜಮ್ಮ ಬಂದ್ಮೇಲೆ ಕೈ ತಪ್ತು.”

ಸುಬ್ರಮಣಿಯ ಟಿಫನ್ ಹೋಟೆಲು ಅಲ್ಲೇ ಬಜಾರಿನಲ್ಲಿ. ಬೆಳಗಿನ ಗಿರಾಕಿ ಮುಗಿದು ಅವನು ದೋಸೆಕಲ್ಲು ಉಜ್ಜುತ್ತಿದ್ದ. ನಾವು ವಿಷಯ ಎತ್ತಿದ್ದೇ ತಡ, ಸಟ್ಟುಗ ಬಿಸಾಕಿದ.

“ಓ! ಈಗ ನನ್ ಮೇಲೆ ಬಂತಾ? ಓಗಿದ್ದೆ. ಐಸ್ ಕೊಡಾಕೆ ಓಗಿದ್ದೆ. ಅಮ್ಮಾಜಮ್ಮನ್ನ ಕಂಡ್ರೆ ನಂಗೆ ಒಟ್ಟೆ ಉರೀತದೆ, ಇಲ್ಲ ಅನ್ನಲ್ಲ. ಅದ್ಕೆ ಉಣ್ಣೋರ ಎಲೆಗೆ ಇಸ ಆಕ್ತೀನಾ? ನಾನೂ ಅನ್ನ ಬೇಯ್ಸೋನೇ ಅಲ್ವಾ ಮೇಡಂ?”

“ಐಸ್ ಅಂದ್ಯಲ್ಲ. ಬಿಸಿ ಊಟಕ್ಕೆ ಐಸ್ ಯಾಕೆ?”

“ನಂಗೇನ್ ಗೊತ್ತು? ವೇಣುಗೋಪಾಲ್ ಸಾರ್ ಫೋನ್ ಮಾಡಿ, ಐಸ್ ಫ್ಯಾಕ್ಟರಿಯಿಂದ ಒಂದ್ ಚೀಲ ತಂದ್ಕೊಡು ಅಂದ್ರು. ಬಾಗಿಲಲ್ಲಿ ಅವರ ಕೈಗೇ ಕೊಟ್ಟು ಬಂದೆ.”

ಜೀಪಿನ ಬಾಗಿಲು ಹಿಡಿದು ಮೇಡಂ ನಿಂತುಬಿಟ್ಟರು.

“ಕಾಂತರಾಜ್, ನಿನ್ನೆಯಿಂದ ನಾವು ಎಲ್ಲರನ್ನೂ ಏನು ಕೇಳ್ತಿದ್ದೀವಿ?”

“ಏನು ತಿಂದ್ರಿ ಅಂತ.”

“ಆಸ್ಪತ್ರೆಗೆ ನಡೀರಿ. ಬೇಗ.”

*

ಅರ್ಚನ ಎಚ್ಚರವಾಗಿದ್ದಳು. ಮುಖ ಬಿಳಿಚಿತ್ತು, ಕೈಗೆ ಡ್ರಿಪ್ ಹಾಕಿದ್ದರು. ಮೇಡಂ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು.

“ಅರ್ಚನ, ಊಟಕ್ಕೆ ಮುಂಚೆ ಏನಾದರೂ ಕುಡಿದ್ಯಾ?”

“ಕುಡಿದಿದ್ದಾ? ಹೂಂ, ಬಾಗಿಲಲ್ಲಿ ಎಲ್ಲರಿಗೂ ನಿಂಬೆ ಪಾನಕ ಕೊಟ್ರಲ್ಲ. ಬೆಲ್ಲದ ಪಾನಕ. ಅಧ್ಯಕ್ಷರ ಮನೆಯಿಂದ ಬಂದಿದ್ದು, ಅಂಬಿಕ ಆಂಟಿ ಮಾಡಿದ್ದು.”

“ರುಚಿ ಹೇಗಿತ್ತು?”

“ಒಂಥರಾ ಒಗರು. ಬಾಯಲ್ಲಿ ನಾಣ್ಯ ಇಟ್ಕೊಂಡ ಹಾಗೆ. ಬಸುರಿ ಬಾಯಿ, ಹೀಗೇ ಇರುತ್ತೆ ಅಂದ್ಕೊಂಡೆ. ಹುಳಿ ಹುಳಿಯಾಗಿ ಬೇಕನ್ನಿಸಿ ಎರಡು ಲೋಟ ಕುಡಿದೆ.” ಅವಳು ನಾಚಿದಳು. “ಇವರು ಒಂದು ಬಾಟ್ಲಿಗೂ ತುಂಬಿಸಿ ಆಗಲೇ ಮನೆಗೆ ಹೋಗಿ ಇಟ್ಟು ಬಂದ್ರು. ಫ್ರಿಜ್ಜಲ್ಲಿದೆ.”

“ಡಾಕ್ಟರಿಗೆ ಯಾಕೆ ಹೇಳಲಿಲ್ಲ?”

“ಅವರು ಊಟದ್ದು ಕೇಳಿದ್ರು, ಮೇಡಂ…”

ಮೇಡಂ ಓಡುನಡಿಗೆಯಲ್ಲೇ ಡಾಕ್ಟರ ಕೋಣೆಗೆ ಹೋದರು. ಏನು ಹೇಳಿದರೋ ಬಾಗಿಲ ಹೊರಗಿದ್ದ ನನಗೆ ಕೇಳಿಸಲಿಲ್ಲ. ಡಾಕ್ಟರು ಹೊರಗೆ ಬಂದಾಗ ಮುಖ ಕೆಂಪಾಗಿತ್ತು. “ನಿನ್ನೆಯೇ ಹೇಳಿದ್ದರೆ!” ಎಂದಷ್ಟೇ ಹೇಳಿ ಅರ್ಚನಳ ವಾರ್ಡಿನತ್ತ ಧಾವಿಸಿದರು.

ಬಾಟ್ಲಿ ಫ್ರಿಜ್ಜಿನಲ್ಲೇ ಇತ್ತು. ಸೀಲು ಮಾಡಿ ಪ್ರಯೋಗಾಲಯಕ್ಕೆ ಕಳಿಸಿದೆವು. ಅಲ್ಲಿಂದ ವೇಣುಗೋಪಾಲ್ ಮನೆಗೆ.

ಜಗಲಿಯಲ್ಲಿ ಹಿತ್ತಾಳೆಯ ನಾಮಫಲಕ: ನಿವೃತ್ತ ಅಧಿಕಾರಿ, ಲೋಹ ಪರೀಕ್ಷಾ ವಿಭಾಗ. ಅದರ ಕೆಳಗೆ ಹಳೇ ಕಾಲದ ದೊಡ್ಡ ಹಿತ್ತಾಳೆ ಕೊಳಗ. ಅದರೊಳಗೆ ಪ್ಲಾಸ್ಟಿಕ್ ಕುಂಡದ ಸಮೇತ ಒಂದು ಕ್ರೋಟನ್ ಗಿಡ ಕೂರಿಸಿದ್ದರು. ಗಿಡದ ಬುಡದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು.

ಮೇಡಂ ಬಗ್ಗಿ ಕುಂಡವನ್ನು ಎತ್ತಿದರು. ಕೊಳಗದೊಳಗೆ ಇಣುಕಿದರು. ನನಗೂ ತೋರಿಸಿದರು. ಹೊರಗೆಲ್ಲಾ ಕಪ್ಪು ಹಿಡಿದ ಹಿತ್ತಾಳೆ. ಒಳಗೆ ಅರ್ಧದ ಮೇಲಿನವರೆಗೆ ಹೊಸ ಬಂಗಾರದ ಹಾಗೆ ಥಳಥಳ.

“ಯಾರು?” ಎನ್ನುತ್ತಾ ವೇಣುಗೋಪಾಲ್ ಹೆಂಡತಿ ಅಂಬಿಕ ಹೊರಗೆ ಬಂದರು. ನಮ್ಮನ್ನೂ, ಮೇಡಂ ಕೈಯಲ್ಲಿದ್ದ ಕುಂಡವನ್ನೂ ನೋಡಿದರು. ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ಗಿಡ ಚೆನ್ನಾಗಿದೆ ಅಮ್ಮ,” ಎಂದರು ಮೇಡಂ. “ನೀರು ಹಾಕಿ.”

*

ಪ್ರಯೋಗಾಲಯದಿಂದ ಫೋನ್ ಬಂದ ದಿನವೇ ಮೇಡಂ ಎಲ್ಲರನ್ನೂ ಸಮುದಾಯ ಭವನಕ್ಕೆ ಕರೆಸಿದರು. ಅಷ್ಟು ಹೊತ್ತಿಗೆ ಅರ್ಚನಳೂ ಹೊಟ್ಟೆಯೊಳಗಿನ ಮಗುವೂ ಅಪಾಯದಿಂದ ಪಾರಾಗಿದ್ದರು. ಕಾಲೋನಿಯವರು ಕುರ್ಚಿಗಳಲ್ಲಿ ತುಂಬಿಕೊಂಡರು. ಪೆರುಮಾಳ್, ಸುಬ್ರಮಣಿ ಗೋಡೆಗೆ ಒರಗಿ ನಿಂತರು. ಅಮ್ಮಾಜಮ್ಮ ಒಂದು ಕಡೆ ಒಬ್ಬಳೇ ಕೂತಳು. ಅವಳ ಅಕ್ಕಪಕ್ಕದ ಕುರ್ಚಿಗಳು ಖಾಲಿಯೇ ಉಳಿದವು. ಅದನ್ನು ನೋಡಿ ನನ್ನ ಮೈ ಉರಿಯಿತು.

“ಅಂತೂ ಬಂಧಿಸ್ತೀರಾ?” ಮುಂದಿನ ಸಾಲಿನಿಂದ ವೇಣುಗೋಪಾಲ್ ಕೇಳಿದರು.

“ಬಂಧಿಸ್ತೀನಿ. ಅದಕ್ಕೆ ಮುಂಚೆ ಇದನ್ನ ಕುಡೀರಿ.”

ಮೇಡಂ ಅವರ ಮುಂದೆ ಒಂದು ಲೋಟ ಇಟ್ಟರು. ಕಂದು ಬಣ್ಣ, ಮೇಲೆ ತೇಲುವ ನಿಂಬೆ ಬೀಜ.

“ಏನಿದು?”

“ಪಾನಕ. ಭಾನುವಾರ ನಿಮ್ಮ ಬಾಗಿಲಲ್ಲಿ ಕೊಟ್ಟಿದ್ದನ್ನ ಅರ್ಚನಳ ಗಂಡ ಒಂದು ಬಾಟ್ಲಿಯಲ್ಲಿ ತುಂಬಿಸಿಕೊಂಡು ಹೋಗಿದ್ದರು. ಕುಡೀರಿ ಸಾರ್. ವಿಷ ಇರೋದು ಅಮ್ಮಾಜಮ್ಮನ ಊಟದಲ್ಲಿ ತಾನೇ? ಪಾನಕಕ್ಕೆ ಏನು ಭಯ?”

ವೇಣುಗೋಪಾಲ್ ಸುತ್ತ ನೋಡಿದರು. ಎಲ್ಲರ ಕಣ್ಣೂ ಅವರ ಮೇಲೆ. ಅವರು ಲೋಟ ಕೈಗೆತ್ತಿಕೊಂಡರು. ತುಟಿಯ ಹತ್ತಿರ ತಂದರು —

“ಕುಡೀಬೇಡಿ!”

ಅಂಬಿಕ ಎದ್ದು ನಿಂತಿದ್ದರು. “ಬೇಡ ರೀ! ಅದು ಆ ಕೊಳಗದ್ದು!”

ಹೇಳಿದ ಮೇಲೆ ತಾನೇನು ಹೇಳಿದೆ ಎಂದು ಅವರಿಗೆ ಹೊಳೆಯಿತು. ಬಾಯಿ ಮುಚ್ಚಿಕೊಂಡು ಕುಸಿದು ಕೂತರು.

ಮೇಡಂ ಲೋಟ ತೆಗೆದುಕೊಂಡು ತಾವೇ ಒಂದು ಗುಟುಕು ಕುಡಿದರು. “ಇದು ಠಾಣೆ ಪಕ್ಕದ ಅಂಗಡಿಯದು. ಬಾಟ್ಲಿ ಪ್ರಯೋಗಾಲಯದಲ್ಲಿದೆ. ಅದರಲ್ಲಿ ಕರಗಿರೋ ತಾಮ್ರ ಆನೆಯಂಥ ಮನುಷ್ಯನನ್ನೂ ವಾಂತಿ ಮಾಡಿಸುವಷ್ಟಿದೆ. ಅಮ್ಮಾಜಮ್ಮನ ಅಡುಗೆಯ ಒಂದು ಪದಾರ್ಥದಲ್ಲೂ ಏನೂ ಸಿಕ್ಕಿಲ್ಲ.”

ಜನರಲ್ಲಿ ಗುಜುಗುಜು ಎದ್ದಿತು. ಮೇಡಂ ಕೈ ಎತ್ತಿದರು.

“ನನಗೂ ಮೊದಲು ತಿಳಿಯಲಿಲ್ಲ. ಅಶ್ವತ್ಥಪ್ಪನವರು ಪಾಯಸ ತಿನ್ನಲಿಲ್ಲ, ಚೆನ್ನಾಗಿದ್ದರು. ಪೆರುಮಾಳ್ ಅದೇ ಪಾಯಸ ಮೂರು ಸಲ ತಿಂದ, ಅವನೂ ಚೆನ್ನಾಗಿದ್ದ. ಅಂದರೆ ಪಾಯಸ ಅಲ್ಲ. ಹಾಗಾದರೆ ಇಬ್ಬರೂ ಬಿಟ್ಟಿದ್ದು ಯಾವುದು? ಸುಬ್ರಮಣಿ ಐಸ್ ತಂದೆ ಅಂದಾಗ ಬಾಗಿಲ ಮೇಜಿನ ಒದ್ದೆ ಗುರುತು ನೆನಪಾಯ್ತು. ಕಲ್ಲುಸಕ್ಕರೆ ತಟ್ಟೆ ಬಿಟ್ಟು ಇರುವೆಗಳು ಆ ಗುರುತಿಗೆ ಮುತ್ತಿದ್ದವು. ಅಲ್ಲಿ ಸಿಹಿನೀರಿನ ದೊಡ್ಡ ಪಾತ್ರೆ ಇತ್ತು. ನಾವು ಹೋಗುವ ಹೊತ್ತಿಗೆ ಮಾಯವಾಗಿತ್ತು. ಅಶ್ವತ್ಥಪ್ಪನವರು ಸಿಹಿ ಅಂತ ಪಾನಕ ಬಿಟ್ಟರು. ಪೆರುಮಾಳನಿಗೂ ಬಡಿಸಿದ ಹೆಣ್ಣುಮಕ್ಕಳಿಗೂ ಯಾರೂ ಕೊಡಲೇ ಇಲ್ಲ — ಅವರು ಬಂದಿದ್ದು ಹಿಂಬಾಗಿಲಿಂದ. ಅವರಿಗೆ ಏನೂ ಆಗಲಿಲ್ಲ ಅನ್ನೋದನ್ನೇ ನೀವು ಸಾಕ್ಷಿ ಮಾಡಿಕೊಂಡ್ರಿ!”

ಮೇಡಂ ಹಾಗೇ ಮುಂದುವರಿಸಿದರು.

“ಹುಳಿಯನ್ನ ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಇಡಬಾರದು ಅಂತ ನಮ್ಮೂರ ಕಡೆ ಎಲ್ಲರ ಮನೇಲೂ ಹೇಳ್ತಾರೆ. ವೇಣುಗೋಪಾಲ್ ಮನೆ ಜಗಲಿಯ ಕೊಳಗ ನೋಡಿದೆ. ಹಿತ್ತಾಳೆ ಬೆಳಗುವವರು ಹೊರಗೆ ಬೆಳಗ್ತಾರೆ. ಇದು ಹೊರಗೆ ಕಪ್ಪು, ಒಳಗೆ ಮಾತ್ರ ಥಳಥಳ. ರಾತ್ರಿಯೆಲ್ಲಾ ನಿಂಬೆಹುಳಿ ನಿಂತು ಕೆರೆದಿದ್ದು ಅದು. ಹಿತ್ತಾಳೆಯಿಂದ ಕೆರೆದು ಬಂದ ತಾಮ್ರ ನಿಮ್ಮ ಹೊಟ್ಟೆಗೆ ಹೋಯ್ತು. ಬೆಲ್ಲದ ಬಣ್ಣದಲ್ಲಿ ಅದರ ಹಸಿರು ಕಾಣಲಿಲ್ಲ.”

ವೇಣುಗೋಪಾಲ್ ಎದ್ದರು. “ನಾನು ಬೇಕಂತ ಮಾಡಿದ್ದಲ್ಲ! ಅಜ್ಜಿ ಕಾಲದ ಪಾತ್ರೆ. ಹಿರಿಯರು ಕೆಲವರು ಅವಳ ಕೈನೀರು ಕುಡಿಯಲ್ಲ. ಕುಡಿಯೋದಾದರೂ ನಮ್ಮ ಮನೆಯದಿರಲಿ, ಶುದ್ಧವಾಗಿರಲಿ ಅಂತ…”

“ಶುದ್ಧ!” ಗೋಡೆಯ ಹತ್ತಿರದಿಂದ ಸುಬ್ರಮಣಿ ಉಗುಳಿದಂತೆ ಅಂದ.

“ಪಾನಕ ಆಕಸ್ಮಿಕ. ಒಪ್ಪಿಕೊಳ್ತೀನಿ,” ಎಂದರು ಮೇಡಂ. “ಆಮೇಲೆ ನಡೆದದ್ದು ಆಕಸ್ಮಿಕ ಅಲ್ಲ. ಜನ ಬೀಳ್ತಿದ್ದಾಗ ನೀವು ಕೊಳಗ ಮನೆಗೆ ಸಾಗಿಸಿದ್ರಿ. ತೊಳೆಯುವಾಗ ಒಳಗಿನ ಹೊಳಪು ಕಂಡ್ರಿ. ಜೀವಮಾನವೆಲ್ಲಾ ಲೋಹ ಪರೀಕ್ಷೆ ಮಾಡಿದವರಿಗೆ ಅದೇನು ಅಂತ ತಿಳಿಯದೇ ಇರುತ್ತಾ? ತಿಳೀತು. ಅದಕ್ಕೇ ಗಿಡ ಇಟ್ಟು ಮುಚ್ಚಿದ್ರಿ. ಆಸ್ಪತ್ರೆಯಲ್ಲಿ ಡಾಕ್ಟರು ನಿಮ್ಮ ಮುಖ ನೋಡಿ ಕೇಳಿದ್ರು — ಇಷ್ಟೇನಾ? ನೀವು ಅಂದ್ರಿ — ಇಷ್ಟೇ. ಒಳಗೆ ಬಸುರಿ ಹೆಂಗಸು ನರಳ್ತಿದ್ದಳು. ಒಂದು ಮಾತು, ಪಾನಕ ಅಂತ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಿಮ್ಮ ಮರ್ಯಾದೆ ಉಳಿಸಿಕೊಳ್ಳೋಕೆ ಅವಳ ಮಗುವನ್ನ ಪಣಕ್ಕಿಟ್ರಿ. ಅದು ಸಾಲದು ಅಂತ ಒಬ್ಬ ವಿಧವೆಯ ಒಲೆಗೆ ಗುಂಪು ನುಗ್ಗೋ ಹಾಗೆ ಮಾಡಿದ್ರಿ. ಸಾಕ್ಷ್ಯ ಮುಚ್ಚಿಟ್ಟಿದ್ದಕ್ಕೆ, ಸುಳ್ಳು ದೂರು ಕೊಟ್ಟಿದ್ದಕ್ಕೆ ನಿಮ್ಮನ್ನ ಬಂಧಿಸ್ತಿದ್ದೀನಿ. ಕಾಂತರಾಜ್!”

ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವರು ಹೆಂಡತಿಯ ಕಡೆ ನೋಡಿದರು. ಅಂಬಿಕ ತಲೆ ಎತ್ತಲಿಲ್ಲ.

“ಹೇಳೋಣ ಅಂದೆ,” ಎಂದರು ಆಕೆ ನೆಲ ನೋಡುತ್ತಾ. “ಬೇಡ, ಜನ ಹೇಗೂ ಅವಳನ್ನೇ ಅಂದುಕೊಳ್ತಾರೆ ಅಂದ್ರು.”

ಆ ಮಾತು ಇಡೀ ಭವನದ ಕೆನ್ನೆಗೆ ಬಿದ್ದಂತಿತ್ತು.

ಅಮ್ಮಾಜಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾಲುಗಳ ನಡುವೆ ಬಂದು ನಿಂತಳು.

“ಆಯ್ತು. ನಾನ್ ಇಸ ಆಕಿಲ್ಲ ಅಂತ ಈವತ್ತು ನಂಬುದ್ರಿ. ಮೇಡಮ್ಮ ಇಷ್ಟೆಲ್ಲಾ ಓಡಾಡಿ, ಬಾಟ್ಲಿ ತಂದು, ಕೊಳಗ ತೋರ್ಸಿ, ಆಮೇಲೆ ನಂಬುದ್ರಿ. ಆವತ್ತು ಆಕಿದೀನಿ ಅಂತ ನಂಬಾಕೆ ನಿಮ್ಗೆ ಯಾವ ಸಾಕ್ಷಿ ಬೇಕಾಗಿತ್ತು? ಯಾವ್ದೂ ಬೇಕಾಗ್ಲಿಲ್ಲ. ಅದ್ಯಾಕೆ ಅಂತ ಒಬ್ರಾದ್ರೂ ಏಳಿ.”

ಅವಳು ಒಂದೊಂದೇ ಮುಖ ನೋಡುತ್ತಾ ಕಾದಳು. ಮುಖಗಳು ಒಂದೊಂದೇ ಕೆಳಗಾದವು. ಹಿಂದಿನ ಸಾಲಿನಿಂದ ಒಬ್ಬರು “ತಪ್ಪಾಯ್ತಮ್ಮ, ಪಾತ್ರೆ ಎಲ್ಲಾ ನಾವು ಕೊಡಿಸ್ತೀವಿ” ಎಂದು ಗೊಣಗಿದರು.

“ಪಾತ್ರೆ ನಾನ್ ತಗೊಂತೀನಿ. ನಾನ್ ಕೇಳಿದ್ದು ಅದಲ್ಲ.”

ಮೇಡಂ ಜನರ ಕಡೆ ತಿರುಗಿದರು. “ಮೆಸ್ ಒಡೆದ ಕೇಸಿದೆ. ಯಾರು ಯಾರು ಅಂತ ಬೇಕು. ನೋಡಿದವರು ಹೇಳಬಹುದು.”

ಯಾರೂ ನೋಡಿಲ್ಲ. ಅಷ್ಟು ಜನ ಹಗಲಲ್ಲಿ ಬೀದಿಯಲ್ಲಿ ನಿಂತಿದ್ದರು, ಒಬ್ಬರ ಕಣ್ಣಿಗೂ ಏನೂ ಬಿದ್ದಿಲ್ಲ. ಕೂಗಿಬಿಡಬೇಕು ಅನ್ನಿಸಿತು ನನಗೆ.

ಆಗ ಅಶ್ವತ್ಥಪ್ಪ ಕುರ್ಚಿಯ ಬೆನ್ನು ಹಿಡಿದು ಎದ್ದರು.

“ನಾನೂ ಅಲ್ಲಿದ್ದೆ ಕಣವ್ವ ಅಮ್ಮಾಜಮ್ಮ. ಆಸ್ಪತ್ರೆಗೆ ಓಗೋಕ್ ಮುಂಚೆ. ಕೈ ಎತ್ಲಿಲ್ಲ. ತಡೀಲೂ ಇಲ್ಲ.” ಒಮ್ಮೆ ಕೆಮ್ಮಿ ನನ್ನನ್ನು ನೋಡಿದರು. “ಪೆನ್ ತಗೊಳಪ್ಪ. ಏಳ್ತೀನಿ. ಮೊದಲನೇ ಎಸ್ರು ನನ್ ಮಗಂದು.”